ಟೈಲರಮ್ಮನ ಒಂದೇ ದುಂದು

ಟೈಲರಮ್ಮನ ಜಿಪುಣತನ ಬೀದಿಗೆಲ್ಲ ಗೊತ್ತು. ಚಪ್ಪಲಿ ಹರಿದರೆ ತಾನೇ ಹೊಲಿದುಕೊಳ್ಳುವಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವಳು. ಕಿಟಕಿಯ ಪರದೆ, ದಿಂಬಿನ ಚೀಲ ಎಲ್ಲ ಗಿರಾಕಿಗಳು ಬಿಟ್ಟುಹೋದ ತುಂಡುಬಟ್ಟೆಯವು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಹೆಂಗಸು ಎಂದು ಹೊಗಳುವವರಿಗೆ, ಆ ಹಾಸಿಗೆಯಲ್ಲಿ ಮಲಗುವವಳು ಅವಳೊಬ್ಬಳೇ ಎಂಬುದು ಹೊಳೆಯುವುದಿಲ್ಲ.

ಅಂಥವಳು ಶನಿವಾರ ಬಂತೆಂದರೆ ಅಂಗಡಿಗೆ ಬೀಗ ಜಡಿದು, ಬೀದಿ ಮೂಲೆಯ ಪಾರ್ಲರಿಗೆ ಹೋಗಿ ದುಡ್ಡು ಕೊಟ್ಟು ತಲೆ ತೊಳೆಸಿಕೊಳ್ಳುತ್ತಾಳೆ. ಕೂದಲೋ, ಇಲಿಬಾಲದಷ್ಟು! ದಿನವಿಡೀ ಊರವರ ಹೆಗಲು, ತೋಳು, ಸೊಂಟ ಮುಟ್ಟಿ ಅಳತೆ ತೆಗೆಯುವ ಅವಳನ್ನು ಗಂಡ ಹೋದ ಮೇಲೆ ಮುಟ್ಟಿದವರಿಲ್ಲ. ಹೊಲಿಗೆಯ ಕೂಲಿಯನ್ನೂ ಜನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಪಾರ್ಲರಿನ ಹುಡುಗಿ ಬೆಚ್ಚನೆಯ ನೀರು ಹುಯ್ದು ನೆತ್ತಿಯ ಮೇಲೆ ಬೆರಳಾಡಿಸಿದರೆ, ಇನ್ನೊಂದು ವಾರ ಬದುಕಬಹುದು ಅನ್ನಿಸುತ್ತದೆ.

ಒಂದು ಶನಿವಾರ ಹಳ್ಳಿಯಿಂದ ಅಕ್ಕ ಬಂದಿದ್ದಳು, ತಂಗಿಯನ್ನು ಕರೆದೊಯ್ಯಲೆಂದೇ.

"ಇಲ್ಲಿ ಬಾಡಿಗೆಗೆ ದುಡ್ಡು, ನೀರಿಗೆ ದುಡ್ಡು, ಬಸ್ಸಿಗೆ ದುಡ್ಡು. ಊರಲ್ಲಿ ವರ್ಷಕ್ಕೊಂದು ಜೊತೆ ಚಪ್ಪಲಿ ತಗೊಂಡ್ರೆ ಮುಗೀತು. ನಡಿ ನನ್ಜೊತೆ."

ತಂಗಿಗೆ ಮೊದಲು ನೆನಪಾದದ್ದು ಶನಿವಾರ. ಊರಿನಲ್ಲಿ ಪಾರ್ಲರ್ ಎಲ್ಲಿದೆ? "ಗುಂಡಿ ತಂದ್ಬಿಡ್ತೀನಿ ಅಕ್ಕಾ" ಎಂದು ಚೀಲ ಹಿಡಿದು ಹೊರಟಳು. ಅಕ್ಕ ಬಿಡುತ್ತಾಳೆಯೇ? ಬೆನ್ನಿಗೇ ಬಂದಳು. ಪಾರ್ಲರಿನ ಬಾಗಿಲಿಂದ ಹುಡುಗಿ ಕೂಗಿದಳು: "ಬನ್ನಿ ಆಂಟಿ, ನೀರು ಬಿಸಿ ಇದೆ!"

ಗುಟ್ಟು ರಟ್ಟಾಯಿತು. ಅಕ್ಕ ಒಳಗೆ ಬಂದು ನಿಂತು ಶುರುಮಾಡಿದಳು. "ತಲೆ ತೊಳೆಸ್ಕೊಳ್ಳೋಕೆ ದುಡ್ಡಾ? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ನಮ್ಮನೆ ತುಂಬ ಜನ ಇದಾರೆ, ಯಾರಾದ್ರೂ ತೊಳೀತಾರೆ."

"ನಿಂಗೆ ಯಾರು ತೊಳೀತಾರಕ್ಕಾ?"

"ನಂಗಾ? ದೊಡ್ಡ ಸೊಸೆ..." ಅಕ್ಕ ತುರುಬು ಬಿಗಿದುಕೊಂಡಳು. "ನಂಗೇನು ಕೈ ಇಲ್ವಾ?"

ಆ ಮನೆಯಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ಟೈಲರಮ್ಮ ತನಗಾಗಿ ಕಾದಿದ್ದ ಕುರ್ಚಿಯಲ್ಲಿ ಅಕ್ಕನನ್ನು ಹಿಡಿದು ಕೂರಿಸಿದಳು. ಬೇಡ ಬೇಡ ಎನ್ನುತ್ತಲೇ ಅಕ್ಕ ತಲೆ ಹಿಂದಕ್ಕೆ ಒರಗಿಸಿದಳು.

ನೀರು ಬಿತ್ತು. ಬೈಗುಳ ನಿಂತಿತು. ಊರಿಗೆ ಬಾ ಎಂಬ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಹುಡುಗಿ ನಲ್ಲಿ ನಿಲ್ಲಿಸಿ ಟವೆಲಿಗೆ ಕೈಚಾಚಿದಾಗ, ಅಕ್ಕ ಕಣ್ಣು ಬಿಡದೆಯೇ ಕೇಳಿದಳು:

"ಇನ್ನೊಂದು ಸ್ವಲ್ಪ ಹೊತ್ತು ಉಜ್ತೀಯಾ, ಮಗಾ? ದುಡ್ಡು ಬೇಕಾದ್ರೆ ಜಾಸ್ತಿ ಕೊಡ್ತೀನಿ."