ನಿಮ್ಮ ಅಂಡಗಳಲ್ಲಿ ದೋಷವಿರಲಿಲ್ಲ

ವರಲಕ್ಷ್ಮಿಯವರೇ, ನಿಮ್ಮ ಐದು ಭ್ರೂಣಗಳನ್ನು ಕೆಡಿಸಿದವಳು ನಾನು. ಆರು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ. 

ಕೋಲಾರದ ಆ ಬಂಜೆತನದ ಆಸ್ಪತ್ರೆಯಲ್ಲಿ ಭ್ರೂಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ಅಂಡಗಳನ್ನು ವೀರ್ಯದೊಂದಿಗೆ ಕೂಡಿಸಿದ ಎರಡನೆಯ ದಿನ ಮಧ್ಯಾಹ್ನ ನಿಮ್ಮ ಐದೂ ಭ್ರೂಣಗಳು ನಾಲ್ಕು ನಾಲ್ಕು ಕೋಶಗಳಾಗಿ, ತಿಳಿಯಾಗಿ, ದುಂಡಗೆ ಇದ್ದವು. ಅವುಗಳನ್ನು ಬೆಚ್ಚಗಿಟ್ಟಿದ್ದ ಪೆಟ್ಟಿಗೆಗೆ ಹೋಗುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಮುಗಿದಿತ್ತು. ಹೊಸ ಸಿಲಿಂಡರ್ ಜೋಡಿಸಿದೆ — ಅದರ ವಾಲ್ವ್ ತಿರುಗಿಸಲು ಮರೆತೆ. ಆ ಗ್ಯಾಸ್ ಇಲ್ಲದಿದ್ದರೆ ಭ್ರೂಣವಿರುವ ದ್ರವದ ಹದವೇ ಕೆಡುತ್ತದೆ. ಎಚ್ಚರಿಸಬೇಕಿದ್ದ ಗಂಟೆಯನ್ನೂ, ಬೆಳಗಿನಿಂದ ಕರೆಂಟು ಹೋಗಿ ಬಂದು ಕಿರುಚುತ್ತಿತ್ತೆಂದು, ನಾನೇ ಆರಿಸಿದ್ದೆ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಗ್ಯಾಸ್ ಮಾಪಕದಲ್ಲಿ ಸೊನ್ನೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ — ಅದೇ ನಾಲ್ಕು ಕೋಶಗಳು, ಕಪ್ಪಿಟ್ಟು...  ವಾಲ್ವ್ ತಿರುಗಿಸಿದೆ. ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆದೆ. ಡಾಕ್ಟರ ಬಾಗಿಲವರೆಗೆ ಹೋಗಿ, ಹೆದರಿ ಹಿಂದಿರುಗಿದೆ. ಭ್ರೂಣಗಳು ತಾವಾಗಿಯೇ ಬೆಳೆಯದೆ ನಿಂತವು ಎಂದೆ, ಅವರು ನಂಬಿದರು. “ನೀನೇ ತಿಳಿಸಿ ಹೇಳಮ್ಮ” ಎಂದು ನಿಮ್ಮ ಬಳಿಗೆ ಕಳಿಸಿದರು.

ಆಗ ನಾನು ಹೇಳಿದ ವಿಜ್ಞಾನ ನಿಜವೇ ಆಗಿತ್ತು. ಮೊದಲ ಎರಡು ದಿನ ಭ್ರೂಣ ಬದುಕುವುದು ತಾಯಿ ತನ್ನ ಅಂಡದಲ್ಲಿ ಕೂಡಿಟ್ಟ ಸಂದೇಶಗಳ ಮೇಲೆ — ಆರ್‌ಎನ್‌ಎ ಎನ್ನುತ್ತೇವೆ. ಮೂರನೆಯ ದಿನದ ಹೊತ್ತಿಗೆ ಅವು ಕರಗುತ್ತ ಬರುತ್ತವೆ, ಭ್ರೂಣದ್ದೇ ಜೀನುಗಳು ಎಚ್ಚೆತ್ತು ಕೆಲಸ ಹಿಡಿಯಬೇಕು. ಎಚ್ಚೆತ್ತುಕೊಳ್ಳದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಏಕೆ ಎಚ್ಚೆತ್ತುಕೊಳ್ಳಲಿಲ್ಲ ಎಂಬುದನ್ನು ಮಾತ್ರ ಮುಚ್ಚಿಟ್ಟೆ.

ನಿಮ್ಮ ಅತ್ತೆ ಕೇಳಿದರು: “ಅಂದ್ರೆ ಇವಳ ಮೊಟ್ಟೇಲೇ ಸತ್ವ ಇಲ್ವೇನಮ್ಮಾ?”

“ಹಂಗೇ ಅನ್ಸುತ್ತೆ” ಎಂದೆ.

ಅಷ್ಟೇ. ನೀವು ಅಳಲಿಲ್ಲ. “ನಾನೇನಾದ್ರೂ ತಿನ್ಬಾರ್ದು ತಿಂದ್ನಾ ಮೇಡಂ?” ಎಂದು ಕೇಳಿದಿರಿ. ನಾನು ಎದ್ದು ಹೋದೆ.

ಮೊನ್ನೆ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. ನಿಮಗೆ ನಿಜ ಗೊತ್ತಾಗಿಬಿಟ್ಟಿದೆಯೇ ಎಂದುಕೊಂಡೆ. ಇಲ್ಲ. ನೀವು ಹೇಳಿದ್ದು ಅದಕ್ಕಿಂತ ಭಯಂಕರ: “ನನ್ ತಂಗಿಗೆ ಬಂದಿದ್ದ ಸಂಬಂಧ ತಪ್ಪೋಯ್ತು ಮೇಡಂ. ಅವರ ಮನೆ ಹೆಣ್ಮಕ್ಕಳ ಮೊಟ್ಟೇಲೇ ದೋಷ ಐತೆ ಅಂತ ಗಂಡಿನೋರಿಗೆ ನಮ್ಮತ್ತೇನೇ ಹೇಳವ್ರೆ. ನೀವೇ ಹೇಳಿದ್ರಲ್ವಾ, ಸುಳ್ಳು ಅನ್ನೋಕಾಗುತ್ತಾ?”

ಆಗಲೂ ತಪ್ಪಿಸಿಕೊಂಡೆ. ಬಂದ ಬಸ್ಸು ಹತ್ತಿಬಿಟ್ಟೆ. ಅದು ಶ್ರೀನಿವಾಸಪುರದ ಬಸ್ಸು. ನಾನು ಹೋಗಬೇಕಿದ್ದದ್ದು ಕೋಲಾರಕ್ಕೆ.

ನಾನು ಕೆಡಿಸದಿದ್ದರೆ ಆ ಭ್ರೂಣಗಳು ಮಗುವಾಗುತ್ತಿದ್ದವೇ — ಗೊತ್ತಿಲ್ಲ. ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆ. ಆದರೆ ನಿಮ್ಮಲ್ಲಿ ದೋಷವಿದೆ ಎನ್ನಲು ನನ್ನ ಬಳಿ ಒಂದು ಸಾಕ್ಷಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಭಾನುವಾರ ಬೈರಕೂರಿನ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಅತ್ತೆಯ ಎದುರಿಗೆ, ತಂಗಿಯ ಎದುರಿಗೆ ಹೇಳುತ್ತೇನೆ. ತುಂಬಾ ಹೆದರಿಕೆಯಾಗುತ್ತಿದೆ. ಬಾಗಿಲು ಹಾಕಿಕೊಂಡರೆ, ಬೀದಿಯಲ್ಲಿ ನಿಂತು ಹೇಳುತ್ತೇನೆ.