ದಂಡೆ ಹಿಡಿದು ಏರಿದ ಔಷಧ

ದ್ರಾಕ್ಷಿ ಗೊಂಚಲು ಅದ್ದುವ ದಿನ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕಾಳು ದಪ್ಪವಾಗಲೆಂದು ಹಂಗಾಮಿಗೆ ಎರಡು ಸಲ ಒಂದೊಂದೇ ಗೊಂಚಲನ್ನು ಔಷಧ ಬೆರೆಸಿದ ನೀರಿನಲ್ಲಿ ಮುಳುಗಿಸಿ ತೆಗೆಯಬೇಕು. ಔಷಧ ಹೆಚ್ಚಾದರೆ ದೇಟು ಬಿರುಸಾಗುತ್ತದೆ, ಕಡಿಮೆಯಾದರೆ ಕಾಳು ಸಣ್ಣದಾಗಿಯೇ ಉಳಿಯುತ್ತದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಥಣಿಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದೆ. ಯಾವ ತಾರೀಖಿಗೆ ಎಷ್ಟು ಸಾಲು ಅದ್ದಿದೆವು ಎಂದು ಡೈರಿಯಲ್ಲಿ ಬರೆದಿಡುವುದು ಐನಾಪುರದ ಮನೆಯಲ್ಲಿ ನನ್ನ ಪಾಲಿನ ಕೆಲಸ.

ಅಳೆಯುವವನು ಅಪ್ಪ. ಹಿಂದೆ ಹಾಲು ಮಾರುತ್ತಿದ್ದಾಗ ಅವನ ಅಳತೆಪಾತ್ರೆಯಲ್ಲಿ ಹಾಲು ಅಂಚು ಮೀರಿ ಉಬ್ಬಿ ನಿಲ್ಲುತ್ತಿತ್ತು. ಕಡಿಮೆ ಅಳೆಯುವುದು ಅವನ ಪ್ರಕಾರ ಕಳ್ಳತನ. ಅದಕ್ಕೇ ಪಕ್ಕದ ತೋಟದ ಕಾಕಾ ತನ್ನ ಔಷಧವನ್ನೂ ಅಪ್ಪನಿಂದಲೇ ಅಳೆಸುತ್ತಿದ್ದ. “ನಿಮ್ಮಪ್ಪ ಅಳದ್ರ ನಾ ಕಣ್ಣ ಮುಚ್ಚಿ ಒಯ್ತೀನಿ” ಎನ್ನುತ್ತಿದ್ದ.

ಎರಡನೇ ಸಲ ಅದ್ದುವ ಮುಂಜಾನೆ ಕಾಕಾ ತನ್ನ ಪಾಲು ಒಯ್ದ ಮೇಲೆ ಅಪ್ಪ ನಮ್ಮದನ್ನು ಅಳೆಯುವಾಗ ನಾನು ಬಗ್ಗಿ ನೋಡಿದೆ. ಗೆರೆಗಳಿದ್ದ ಸಣ್ಣ ಗಾಜಿನ ಕೊಳವೆ. ಗಾಜಿಗೆ ತಾಗಿದ ಔಷಧದ ಅಂಚು ಗೆರೆ ಮುಟ್ಟುತ್ತಲೇ ಅಪ್ಪ ಕೈ ನಿಲ್ಲಿಸಿದ.

“ದಂಡಿ ನೋಡಬ್ಯಾಡಪಾ. ನಡುವ ತಗ್ಗೈತಲ್ಲ, ಅದು ಗೆರಿ ಮುಟ್ಟಬೇಕು” ಎಂದೆ.

“ಹಾಲು ಉಬ್ಬತಿತ್ತು. ಇದ್ಯಾಕ ತಗ್ಗತೈತಿ?”

ಗಾಜು ನೀರನ್ನು ತನ್ನತ್ತ ಎಳೆಯುತ್ತದೆ, ಅದಕ್ಕೇ ನೀರು ಗೋಡೆ ಹಿಡಿದು ತುಸು ಏರುತ್ತದೆ, ನಡುವಿನದು ಜೋಲಿಯ ಹಾಗೆ ಜೋತು ನಿಲ್ಲುತ್ತದೆ ಎಂದು ಹೇಳಿದೆ. ಕಂಠಮಟ್ಟ ತುಂಬಿದ ಪಾತ್ರೆಯಲ್ಲಿ ಏರಲು ಗೋಡೆಯೇ ಉಳಿದಿರುವುದಿಲ್ಲ. ಅಲ್ಲಿ ಹಾಲು ತನ್ನನ್ನು ತಾನೇ ಹಿಡಿದುಕೊಂಡು ಉಬ್ಬುತ್ತದೆ.

ಅಪ್ಪ ಕೊಳವೆಯನ್ನು ಬೆಳಕಿಗೆ ಹಿಡಿದ. “ಅಂದ್ರ ದಂಡಿ ನೋಡಿ ಅಳದ್ರ ಕಡಿಮಿ ಬೀಳತೈತಿ.”

“ಚೂರು. ಅಷ್ಟಕ್ಕ ಏನೂ ಆಗಂಗಿಲ್ಲ.”

“ಏನ್ ಆಗತೈತಿ ಅಂತ ನಾ ಕೇಳಲಿಲ್ಲ.”

ಎದ್ದ, ಕೂತ, ಬೇಲಿಯವರೆಗೆ ಹೋಗಿ ಬಂದ. ಹೇಳಬಾರದಿತ್ತೇನೋ ಎಂದು ನನಗೂ ಚಡಪಡಿಕೆ. ಕೊನೆಗೆ ಔಷಧದ ನಡುವಿನ ತಗ್ಗು ಗೆರೆ ಮುಟ್ಟುವಂತೆ ತುಂಬಿದ. ಅಂಚು ಗೆರೆಗೆ ಇಳಿಯುವ ತನಕ, ಅಂದರೆ ಕಾಕಾನಿಗೆ ಕಡಿಮೆ ಬಿದ್ದಷ್ಟನ್ನು, ಹನಿಹನಿಯಾಗಿ ಒಂದು ಶೀಶೆಗೆ ಬಸಿದ. ಶೀಶೆಯ ತಳ ಬರೇ ಒದ್ದೆಯಾಯಿತು. ಅದನ್ನು ಹಿಡಿದು ಕಾಕಾನ ತೋಟಕ್ಕೆ ಹೊರಟ. ನಾನೂ ಹಿಂದೆ ಓಡಿದೆ.

ಕಾಕಾ ಡ್ರಮ್ಮಿನಲ್ಲಿ ಔಷಧ ಕಲಸುತ್ತಿದ್ದ, ಇನ್ನೂ ಅದ್ದಲು ಶುರುಮಾಡಿರಲಿಲ್ಲ. ಶೀಶೆ ನೋಡಿ ನಕ್ಕ. “ಏನಣ್ಣಾ, ಇಷ್ಟರಾಗ ಇರವಿ ಸೈತ ಜಳಕಾ ಮಾಡಂಗಿಲ್ಲ.”

“ನಿಂದು ನನ್ನ ಕಡೆ ಉಳದಿತ್ತು” ಎಂದ ಅಪ್ಪ ಶೀಶೆಯನ್ನು ಡ್ರಮ್ಮಿನ ಮೇಲೆ ಬೋರಲು ಹಿಡಿದ. ಒಂದು ಹನಿ ಬಿತ್ತು, ಉಳಿದದ್ದು ಗಾಜು ಬಿಟ್ಟು ಬರಲಿಲ್ಲ. ಡ್ರಮ್ಮಿನ ನೀರನ್ನೇ ಶೀಶೆಗೆ ತುಂಬಿ ಕುಲುಕಿ ಸುರಿದ. ಮತ್ತೊಮ್ಮೆ ಹಾಗೆಯೇ ಮಾಡಿದ.

“ಸಾಕು ಬಿಡೋ ಅಣ್ಣಾ, ಶೀಶೆ ಸವದೀತು.”

ತಿರುಗಿ ಬರುವಾಗ ಅಪ್ಪ ಬದುವಿನ ಮೇಲೆ ನಿಂತ. “ಮೊದಲನೇ ಸಲ ಅದ್ದಿದಾಗೂ ದಂಡಿ ನೋಡೇ ಅಳದಿದ್ನೆಲ್ಲ. ಅದಕ್ಕೇನ್ ಮಾಡೂದು?”

ಡೈರಿಯಲ್ಲಿ ಅದರ ತಾರೀಖೂ ಇತ್ತು, ಸಾಲಿನ ಲೆಕ್ಕವೂ ಇತ್ತು.

ಕೊಯ್ಲಿನವರೆಗೂ ಅಪ್ಪ ಪ್ರತಿ ಮುಂಜಾನೆ ನಮ್ಮ ತೋಟಕ್ಕಿಂತ ಮೊದಲು ಕಾಕಾನ ತೋಟಕ್ಕೆ ಹೋಗಿ, ಎರಡು ಬೆರಳಲ್ಲಿ ಕಾಳು ಹಿಡಿದು ನೋಡಿ ಬರುತ್ತಿದ್ದ.