ತೆರಿಗೆ ಹೋಯಿತು, ನೆಪವೂ ಹೋಯಿತು

2025ರ ಫೆಬ್ರವರಿ ಒಂದರಂದು ಕೇಂದ್ರ ಬಜೆಟ್ ಮಂಡನೆಯಾದಾಗ, ಶಹಾಪುರದಲ್ಲಿ ಟ್ಯಾಕ್ಸ್ ಪ್ರಾಕ್ಟೀಷನರ್ ಆಗಿ ನನಗೆ ಇಪ್ಪತ್ತೇಳನೆಯ ವರ್ಷ ನಡೆಯುತ್ತಿತ್ತು. ಔಷಧಿ ಅಂಗಡಿಯೊಂದರ ಮೇಲಿನ ಒಂದೇ ಕೋಣೆ ನನ್ನ ಆಫೀಸು. ಶಿಕ್ಷಕರು, ನರ್ಸ್‌ಗಳು, ಬ್ಯಾಂಕಿನವರು, ಕಡೇಚೂರಿನ ಕಾರ್ಖಾನೆಗಳ ಸೂಪರ್‌ವೈಸರ್‌ಗಳು ಹೀಗೆ ಸಂಬಳದ ಮೇಲೆ ಬದುಕುವವರ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ.

ಅಂದು ಶನಿವಾರ. ಹೊಸ ತೆರಿಗೆ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂಬ ಮಾತು ಟಿ.ವಿ.ಯಲ್ಲಿ ಬಂದದ್ದೇ ತಡ, ನನ್ನ ಫೋನು ಬಿಡುವಿಲ್ಲದೆ ರಿಂಗಣಿಸತೊಡಗಿತು. ಎಲ್ಲರಿಗೂ ಎರಡು ಮಾತು ಹೇಳುತ್ತಿದ್ದೆ. ಇದು ಏಪ್ರಿಲ್‌ನಿಂದ ಶುರುವಾಗುವ ವರ್ಷದ ಆದಾಯಕ್ಕೆ, ಈಗಿನದಕ್ಕಲ್ಲ. ಮತ್ತು ಹೊಸ ಪದ್ಧತಿಗೆ ಬಂದರೆ ಪಿ.ಪಿ.ಎಫ್., ವಿಮೆ ಇತ್ಯಾದಿ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳುವ ಹಳೆಯ ಸೌಲಭ್ಯ ಇರುವುದಿಲ್ಲ. ಎರಡನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರ ದನಿಯಲ್ಲೂ ಖುಷಿ ಇತ್ತು.

ಮಂಗಳವಾರ ಸಂಜೆ ನಸೀಮಾ ಟೀಚರ್ ಒಬ್ಬರೇ ಬಂದರು. ದೋರನಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರು ಹತ್ತು ವರ್ಷಗಳಿಂದ ನನ್ನ ಕಕ್ಷಿದಾರರು. ವರ್ಷದ ಸಂಬಳ ಒಂಬತ್ತು ಲಕ್ಷದ ಅರವತ್ತು ಸಾವಿರ. ಗಂಡ ಇಸ್ಮಾಯಿಲ್ ಅವರದು ಊರಿನಲ್ಲೇ ಬಸ್ಸು, ಟ್ರ್ಯಾಕ್ಟರ್‌ಗಳ ಸೀಟಿಗೆ ಕುಶನ್ ಹೊಲಿಯುವ ಅಂಗಡಿ.

"ಟೀಚರ್, ಏಪ್ರಿಲ್‌ನಿಂದ ನಿಮಗೆ ತೆರಿಗೆ ಸೊನ್ನೆ" ಎಂದೆ. ಅವರು ನಗಲಿಲ್ಲ. ಕುರ್ಚಿಯ ಅಂಚಿನಲ್ಲಿ ಕುಳಿತು, "ಸರ್, ನಿಮ್ಮಿಂದ ಒಂದ್ ಸುಳ್ಳು ಹೇಳಸ್ಬೇಕಾಗ್ಯದ" ಎಂದರು.

ನನಗೆ ಅರ್ಥವಾಗಲಿಲ್ಲ. "ರವಿವಾರ ನಮ್ಮನಿಯವ್ರನ್ನ ಕರ್ಕೊಂಡು ಬರ್ತೀನ್ರಿ. ಪೋಸ್ಟ್ ಆಫೀಸಿಗಿ ತಿಂಗಳಾ ಕಟ್ಟೂ ಐದು ಸಾವಿರ ಇನ್ನೂ ಕಟ್ಟಲೇಬೇಕು, ಇಲ್ಲಂದ್ರ ಟ್ಯಾಕ್ಸ್ ಬೀಳ್ತದ ಅಂತ ಅವ್ರಿಗಿ ಹೇಳ್ರಿ. ಇಷ್ಟೇ."

ಆ ಐದು ಸಾವಿರ ಅವರ ಪಿ.ಪಿ.ಎಫ್. ಎಂಬ ದೀರ್ಘಾವಧಿ ಉಳಿತಾಯ ಖಾತೆಯದು. 2013ರಲ್ಲಿ ತೆರೆದದ್ದು, ಮುಗಿಯಲು 2029 ಬರಬೇಕು. ಯಾಕೆ ಸುಳ್ಳು ಎಂದು ಕೇಳಿದೆ. ಆಗ ಹೇಳಿದರು.

ಅವರಿಗೆ ಶಮಾ ಎಂಬ ತಂಗಿ. ಸುರಪುರದಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿ ರವಿಕೆ ಹೊಲಿದುಕೊಂಡು ಒಂಟಿಯಾಗಿದ್ದಾಳೆ. ಅಪ್ಪ ತೀರಿಕೊಂಡ ವರ್ಷ ಇಬ್ಬರಲ್ಲಿ ಒಬ್ಬರಷ್ಟೇ ಓದುವ ಸ್ಥಿತಿ. ಪಿ.ಯು.ಸಿ. ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತವಳು ಶಮಾ. ಅಕ್ಕನ ಬಿ.ಎಡ್. ಫೀಸು ಆ ಯಂತ್ರದಿಂದಲೇ ಬಂತು. ತಂಗಿಗೆ ಸುರಪುರದಲ್ಲಿ ಒಂದು ಸಣ್ಣ ನಿವೇಶನ ಕೊಡಿಸಬೇಕೆಂದು ನಸೀಮಾ ನೌಕರಿಯ ಮೊದಲ ದಿನಗಳಲ್ಲೇ ಮನಸ್ಸು ಮಾಡಿದ್ದರು. ಆ ಖಾತೆ ಅದಕ್ಕೇ.

"ನಮ್ಮವ್ರು ಕೆಟ್ಟೋರಲ್ರಿ ಸರ್. ಕೈ ಸಡಿಲ. ಯಾರು ಬಂದು ಕೇಳಿದ್ರೂ ಇಲ್ಲ ಅನ್ನಂಗಿಲ್ಲ. ಅದಕ್ಕ ಇದು ಸರ್ಕಾರದ ಕಾಯ್ದಿ, ಕಟ್ಟಲೇಬೇಕು ಅಂತ ಹೇಳಿಬಿಟ್ಟೆ. ಕಾಯ್ದಿ ಅಂದ್ರ ಅವ್ರು ಅಂಜ್ತಾರ. ಹನ್ನೆರಡು ವರ್ಷ ಆ ರೊಕ್ಕದ ಸುದ್ದಿ ತೆಗೀಲಿಲ್ಲ. ಈಗ ಟಿ.ವಿ.ಯಾಗ ಎಲ್ಲಾ ಬಂದುಬಿಟ್ಟದ."

ಬಂದದ್ದಷ್ಟೇ ಅಲ್ಲ. ಬಜೆಟ್ಟಿನ ಮರುದಿನವೇ ಯಾದಗಿರಿಯಿಂದ ಇಸ್ಮಾಯಿಲ್ ಅವರ ತಮ್ಮ ಫೋನು ಮಾಡಿದ್ದ. ಗೂಡ್ಸ್ ಗಾಡಿ ಕೊಳ್ಳುವವನಿದ್ದ. ಅತ್ತಿಗೆಗೆ ತೆರಿಗೆ ಹೋಯಿತಲ್ಲ, ಆ ಖಾತೆಯಲ್ಲಿ ತೆಗೆಯಲು ಬರುವಷ್ಟು ತೆಗೆದುಕೊಟ್ಟು, ಮುಂದಿನ ಐದೈದು ಸಾವಿರವನ್ನು ಗಾಡಿಯ ಕಂತಿಗೆ ಕೊಡಿ ಎಂದು ಕೇಳಿದ್ದ. ಇಸ್ಮಾಯಿಲ್ ಆಗಲಿ ಎಂದುಬಿಟ್ಟಿದ್ದರು.

ಆಗ ನನಗೆ ಎರಡು ವರ್ಷದ ಹಿಂದಿನ ಒಂದು ಸಂಗತಿ ಹೊಳೆಯಿತು. ಹೊಸ ಪದ್ಧತಿಯೇ ನಿಮಗೆ ಲಾಭ ಎಂದು ಆಗಲೇ ಹೇಳಿದ್ದೆ. ಈಗ ಮುಗಿಯುತ್ತಿದ್ದ ಸಾಲಿಗಂತೂ ಹಳೆಯದರಲ್ಲಿ ಸುಮಾರು ಅರವತ್ತೇಳು ಸಾವಿರ, ಹೊಸದರಲ್ಲಿ ಸುಮಾರು ನಲವತ್ತು ಸಾವಿರ ತೆರಿಗೆ ಬೀಳುತ್ತಿತ್ತು. ಆದರೂ ಎರಡೂ ವರ್ಷ ಟೀಚರ್ "ಹಳೇದೇ ಇರ್ಲಿ ಬಿಡ್ರಿ ಸರ್" ಎಂದು ಶಾಲೆಯಲ್ಲಿ ಹಾಗೇ ಬರೆದುಕೊಟ್ಟಿದ್ದರು. ವಿಜ್ಞಾನ ಕಲಿಸುವವರಿಗೆ ಇಷ್ಟು ಗಣಿತ ತಿಳಿಯದೇ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅವರಿಗೆ ಗಣಿತ ತಿಳಿದಿತ್ತು. ಹೇಳಿದ ನೆಪ ಸುಳ್ಳಾಗದಿರಲಿ ಎಂದು ತಿಳಿದೇ ಹೆಚ್ಚು ತೆರಿಗೆ ಕೊಟ್ಟಿದ್ದರು. ನಾನು ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಸುಳ್ಳು ಹೇಳಲಾರೆ ಎಂದೆ. ಆದರೆ ಒಂದು ದಾರಿ ಇತ್ತು. ಹಳೆಯ ಪದ್ಧತಿ ರದ್ದಾಗಿರಲಿಲ್ಲ. ಬೇಕಾದರೆ ಮುಂದೆಯೂ ಅದರಲ್ಲೇ ಉಳಿಯಬಹುದು. ಆಗ ಅವರ ಮಾತು ನಿಜವೇ ಆಗುತ್ತದೆ, ಆದರೆ ಸೊನ್ನೆ ಆಗಬೇಕಾದ ಕಡೆ ವರ್ಷಕ್ಕೆ ಅರವತ್ತೇಳು ಸಾವಿರ ಕಟ್ಟಬೇಕು. ಲೆಕ್ಕವನ್ನು ಹಾಳೆಯ ಮೇಲೆ ಬರೆದು ಅವರ ಮುಂದಿಟ್ಟೆ.

ಬಹಳ ಹೊತ್ತು ನೋಡಿದರು. "ಮುಚ್ಚಿಡಾಕ ಇಷ್ಟ್ ರೊಕ್ಕ ಕೊಡೂದಾದ್ರ, ಶಮಾಗ ಏನ್ ಉಳೀತದ್ರಿ?" ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಭಾನುವಾರ ಬರುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿತ್ತು.

ಬಂದರು, ಇಬ್ಬರೂ. ಇಸ್ಮಾಯಿಲ್ ದೊಡ್ಡ ಮೈಕಟ್ಟಿನ, ಮೆತ್ತನೆಯ ದನಿಯ ಮನುಷ್ಯ. ಸಲಾಂ ಮಾಡಿ ಕುಳಿತವರೇ, "ಸರ್, ಇನ್ನ ಪೋಸ್ಟ್ ಆಫೀಸಿಗಿ ಕಟ್ಟೂ ಜರೂರತ್ ಇಲ್ಲಲ್ರೀ?" ಎಂದು ಕೇಳಿದರು.

ಟೀಚರ್ ನನ್ನ ಮುಖ ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತಿದ್ದರು.

"ತೆರಿಗೆ ಸಲುವಾಗಿ ಜರೂರತ್ ಇಲ್ರಿ. ಬ್ಯಾರೆ ಯಾಕರೆ ಬೇಕೇನು ಅಂತ ಟೀಚರ್‌ನ್ನ ಕೇಳ್ರಿ" ಎಂದೆ. ನನ್ನ ವೃತ್ತಿಯಲ್ಲಿ ಅಷ್ಟು ಭಾರವಾದ ಮಾತನ್ನು ನಾನು ಆಡಿದ್ದು ಕಡಿಮೆ. ಒಂದು ಮನೆಯ ನಡುಗೋಡೆಗೆ ಕೈ ಹಾಕಿದಂತೆ ಅನ್ನಿಸಿತು.

ಟೀಚರ್ ಶಮಾಳ ವಿಷಯವನ್ನೆಲ್ಲ ಹೇಳಿದರು. ಅಳಲಿಲ್ಲ, ದನಿ ಮಾತ್ರ ಸಣ್ಣದಾಯಿತು. ಇಸ್ಮಾಯಿಲ್ ಕೇಳಿಸಿಕೊಂಡು, "ಹನ್ನೆರಡು ವರ್ಷ ನನಗ ಸುಳ್ಳು ಹೇಳೀಯೇನು? ನನ್ನ ಕೇಳಿದ್ರ ನಾ ಬ್ಯಾಡ ಅಂತಿದ್ನೇನು?" ಎಂದರು.

"ಬ್ಯಾಡ ಅಂತಿರ್ಲಿಲ್ರಿ. ಹೂಂ ಅಂತಿದ್ರಿ. ಆಮ್ಯಾಲ ಮತ್ಯಾರರೆ ಬಂದು ಕೇಳಿದ್ರ ಅವ್ರಿಗೂ ಹೂಂ ಅಂತಿದ್ರಿ."

ಇಸ್ಮಾಯಿಲ್ ಎದ್ದು ಮೆಟ್ಟಿಲಿಳಿದು ಹೋದರು. ಕಿಟಕಿಯಿಂದ ನೋಡಿದರೆ ಬೈಕಿನ ಪಕ್ಕ ನಿಂತಿದ್ದರು, ಚಾಲೂ ಮಾಡಲಿಲ್ಲ. ನಾನು ಚಹಾ ತರಿಸಿದೆ. ಟೀಚರ್ ಮುಟ್ಟಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಇಸ್ಮಾಯಿಲ್ ಮೇಲೆ ಬಂದು ಅದೇ ಕುರ್ಚಿಯಲ್ಲಿ ಕುಳಿತರು.

"ತಮ್ಮಗ ಫೋನ್ ಹಚ್ಚಿದ್ದೆ. ಆಗಂಗಿಲ್ಲಪಾ ಅಂದೆ. ಭಾಳ ಸಿಟ್ಟಾದ" ಎಂದು ಹೆಂಡತಿಯ ಕಡೆ ತಿರುಗಿದರು. "ನಾನೂ ಒಂದ್ ಮಾತ್ ಹೇಳ್ತೀನಿ ಕೇಳು. ಮಂದಿ ರೊಕ್ಕ ಕೇಳಿದಾಗೆಲ್ಲಾ, ನಮ್ಮಕಿ ಪಗಾರ ಟ್ಯಾಕ್ಸಿಗೇ ಹೋಗ್ತದ ಅಂತ ಹೇಳಿ ಪಾರಾಗ್ತಿದ್ದೆ. ನನಗೂ ಅದೇ ಆಸರ ಇತ್ತು. ಈಗ ಏನ್ ಹೇಳ್ಲಿ?"

"ಈಗ ತಮ್ಮಗ ಹೇಳಿದ್ರಲ್ಲ, ಹಂಗೇ ಹೇಳ್ರಿ" ಎಂದರು ಟೀಚರ್. ಆಗ ಚಹಾ ಲೋಟ ಕೈಗೆತ್ತಿಕೊಂಡರು.

ಮುಂದಿನದು ಸರಳ. ಸಂಬಳದಾರರು ರಿಟರ್ನ್ ಸಲ್ಲಿಸುವಾಗಲೂ ಪದ್ಧತಿ ಬದಲಿಸಿಕೊಳ್ಳಬಹುದು. ಹಾಗಾಗಿ ಮುಗಿಯುತ್ತಿದ್ದ ಆ ಸಾಲಿಗೇ ಹೊಸ ಪದ್ಧತಿ ಆರಿಸಿ ರಿಟರ್ನ್ ತುಂಬಿದೆ. ಸಂಬಳದಿಂದ ಮುರಿದಿದ್ದರಲ್ಲಿ ಸುಮಾರು ಇಪ್ಪತ್ತೇಳು ಸಾವಿರ ವಾಪಸು ಬಂತು. ಏಪ್ರಿಲ್‌ನಿಂದ ಸಂಬಳ ತಿಂಗಳಿಗೆ ಐದೂವರೆ ಸಾವಿರದಷ್ಟು ಹೆಚ್ಚಾಗಿ ಕೈಗೆ ಬರತೊಡಗಿತು. ಪಿ.ಪಿ.ಎಫ್. ನಿಲ್ಲಲಿಲ್ಲ. ಯಾದಗಿರಿಯ ತಮ್ಮ ಮಾತ್ರ ಕೆಲವು ತಿಂಗಳು ಮನೆಗೆ ಬರಲಿಲ್ಲವಂತೆ.

ಆ ವರ್ಷ ರಂಜಾನ್ ಹಬ್ಬಕ್ಕೆ ಸುರಪುರಕ್ಕೆ ಹೋದಾಗ ಇಸ್ಮಾಯಿಲ್ ಅವರೇ ಶಮಾಗೆ ವಿಷಯ ತಿಳಿಸಿದರಂತೆ. ಅವಳು ಖುಷಿಪಡುವ ಬದಲು ಅಕ್ಕನ ಮೇಲೆ ಹರಿಹಾಯ್ದಳು. "ನಿನ್ನ ಫೀಸು ಕಟ್ಟಿದ್ದು ನಾ ಸಾಲ ಕೊಟ್ಟಿದ್ನೇನು, ತೀರ್ಸಾಕ?" ಎಂದು ಒಳಗೆ ಹೋದವಳು, ತುಸು ಹೊತ್ತಿಗೆ ಹೊರಬಂದು, ಜಾಗ ಬಸ್ ಸ್ಟ್ಯಾಂಡಿಗೆ ಹತ್ತಿರ ಇರಬೇಕು, ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂದಳಂತೆ. ಇದನ್ನು ನನಗೆ ಹೇಳುವಾಗ ಟೀಚರ್ ಮೊದಲ ಸಲ ನನ್ನ ಆಫೀಸಿನಲ್ಲಿ ಜೋರಾಗಿ ನಕ್ಕರು.

ಬಜೆಟ್ ಬಂದಾಗ ಮಧ್ಯಮ ವರ್ಗಕ್ಕೆ ಎಷ್ಟು ಉಳಿಯಿತು ಎಂಬ ಕೋಷ್ಟಕವನ್ನು ನಾನೂ ಬಾಗಿಲಿಗೆ ಅಂಟಿಸುತ್ತೇನೆ. ಆ ಲೆಕ್ಕ ತಪ್ಪಲ್ಲ. ಆದರೆ ತೆರಿಗೆಯ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಒಂದಿಷ್ಟು ಹಣ ಯಾರ ಕೈಗೂ ಸಿಗದೆ ಉಳಿದಿತ್ತು ಎಂಬುದು ಆ ಭಯ ಹೋದ ಮೇಲೆ ನನಗೆ ಗೊತ್ತಾಯಿತು. ಈಗ ಹೊಸ ಪದ್ಧತಿಗೆ ಬರುವ ಪ್ರತಿ ದಂಪತಿಯನ್ನೂ, "ಇಷ್ಟು ದಿನ ಟ್ಯಾಕ್ಸ್ ಸಲುವಾಗಿ ಕಟ್ಟಿದ್ರಿ, ಇನ್ನ ಯಾರ ಸಲುವಾಗಿ ಕಟ್ಟತೀರಿ?" ಎಂದು ಕೇಳುತ್ತೇನೆ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ನಾನು ಕಂಪ್ಯೂಟರಿನಿಂದ ಕೈ ತೆಗೆದು, ಅವರು ಮಾತಾಡಿಕೊಂಡು ಮುಗಿಸುವವರೆಗೆ ಕಾಯುತ್ತೇನೆ.